ವಿಗ್ಗಕ್ಕನ ಅಂಗಡಿ ಹೆಸರು ಕೋರ್ಟಿಗೆ ಹೋದದ್ದು

ಆ ವಾರ ವಿಗ್ಗಕ್ಕನಿಗೆ ಸಿಕ್ಕ ಮೂರನೆಯ ಬೈಗುಳ ಅದು. ಬೈದವರು ಊರಿನ ನಿವೃತ್ತ ಹೆಡ್‌ಮಿಸ್. ಹಿಂಬಾಗಿಲಿನಿಂದ ಬಂದರು. ಕುರ್ಚಿ ಎಳೆದು ಕೊಟ್ಟರೂ ಕೂರಲಿಲ್ಲ, ತಲೆಗೆ ಸುತ್ತಿದ್ದ ಶಾಲು ಬಿಚ್ಚಲಿಲ್ಲ. ಚೀಲದಿಂದ ಒಂದು ವಿಗ್ ತೆಗೆದು ಮೇಜಿನ ಮೇಲೆ ಕುಕ್ಕಿದರು.

"ಏನಮ್ಮಾ ಇದು?"

ವಿಗ್ಗಕ್ಕ ಕನ್ನಡಕ ಏರಿಸಿ ನೋಡಿದಳು. ಒಂದು ಕಾಲದಲ್ಲಿ ಅದು ಕಪ್ಪಗಿದ್ದಿರಬೇಕು. ಈಗ ಕಿಟಕಿಯ ಬೆಳಕಿಗೆ ಹಿಡಿದರೆ ಬಚ್ಚಲ ಮೂಲೆಯ ಪಾಚಿಯ ಬಣ್ಣ.

"ಒಂದ್ಸಲ ತೊಳೆದೆ, ಹಸಿರಾಯ್ತು. ಇನ್ನೊಂದ್ಸಲ ತೊಳೆದೆ, ಇನ್ನೂ ಹಸಿರಾಯ್ತು. ನಾನೇನು ತಲೆ ಮೇಲೆ ಹುಲ್ಲು ಬೆಳೆಸ್ಬೇಕಾ? ಹದಿನೆಂಟು ವರ್ಷದಿಂದ ನಿನ್ನ ಹತ್ರಾನೇ ಬರ್ತಿದೀನಿ. ಮಂಡಿ ನೋವು ಅಂತ ಈ ಒಂದು ಸಲ ಮನೇಲಿ ಕೂತು ಕಂಪ್ಯೂಟರ್‌ನಲ್ಲಿ ತರಿಸ್ಕೊಂಡ್ರೆ, ಹೀಗಾ ಮಾಡೋದು?"

"ಮಿಸ್, ಇದು ನಾನು ಮಾಡಿದ್ದಲ್ಲ."

"ಡಬ್ಬದ ಮೇಲೆ ನಿನ್ನ ಅಂಗಡಿ ಹೆಸರೇ ಇದೆ. ತಲೆಗೊಪ್ಪು ಡಾಟ್ ಕಾಮ್. ನನಗೂ ಓದೋಕೆ ಬರುತ್ತೆ. ಈ ಊರಲ್ಲಿ ಅರ್ಧ ಜನಕ್ಕೆ ಓದೋದು ಕಲಿಸಿದ್ದೇ ನಾನು."

ವಿಗ್ಗಕ್ಕ ಅದನ್ನು ಮಗುಚಿ ಒಳಗಡೆ ನೋಡಿದಳು. ಅವಳ ವಿಗ್ಗಿನ ಒಳಗೆ ತೆಳ್ಳನೆಯ ಬಲೆ ಇರುತ್ತದೆ. ಆ ಬಲೆಯ ಒಂದೊಂದು ಕಣ್ಣಿಗೂ ಸಣ್ಣ ಕೊಕ್ಕೆಸೂಜಿಯಿಂದ ಒಂದೊಂದೇ ಕೂದಲು ಗಂಟು ಹಾಕಿರುತ್ತಾಳೆ. ಇಲ್ಲಿ ದಪ್ಪ ಬಟ್ಟೆಯ ಮೇಲೆ ಮೆಷಿನ್ನಿನಲ್ಲಿ ಸಾಲುಸಾಲಾಗಿ ಹೊಲಿದಿದ್ದರು, ನೆಲ ಉಜ್ಜುವ ಬ್ರಷ್ಷಿನ ಹಾಗೆ.

"ಇದು ಕೂದಲೇ ಅಲ್ಲ ಮಿಸ್. ನೈಲಾನ್ ನೂಲು. ಒಲೆ ಹತ್ರ ಮಾತ್ರ ಹೋಗ್ಬೇಡಿ."

ಹೆಡ್‌ಮಿಸ್ ದನಿ ತಗ್ಗಿಸಿದರು. "ಹೋಗಿದ್ದೆ. ಮುಂದ್ಗಡೆ ಸ್ವಲ್ಪ ಕರಗಿದೆ ನೋಡು."

ವಿಗ್ಗಕ್ಕನಿಗೆ ತಲೆಬುಡ ಅರ್ಥವಾಗಲಿಲ್ಲ. ಮೂವತ್ತೊಂದು ವರ್ಷದಿಂದ ಅವಳು ಅದೇ ಬೀದಿಯಲ್ಲಿ, ಅದೇ ಎರಡು ಕೋಣೆಯ ಅಂಗಡಿಯಲ್ಲಿ ವಿಗ್ ಕಟ್ಟುತ್ತಿದ್ದಳು. ಅಂಗಡಿಯ ಹೆಸರು 'ತಲೆಗೊಪ್ಪು'. ಮುಂದೆ ಗಾಜಿನ ಕಿಟಕಿ, ಅದರಲ್ಲಿ ಮೂರು ಮರದ ತಲೆಗಳು. ಅವನ್ನು ಕೆತ್ತುವವರು ಅವಳ ಯಜಮಾನರು. ಕೈ ಒಳ್ಳೆಯದೇ, ಆದರೆ ಅವರಿಗೆ ಬರುವುದು ಒಂದೇ ಮೂಗು, ಅದು ಅವರ ಅತ್ತೆಯ ಮೂಗು. ಹೀಗಾಗಿ ಕಿಟಕಿಯಲ್ಲಿ ಮೂರು ಹೊತ್ತೂ ಮೂವರು ಅತ್ತೆಯರು ಬೀದಿಯನ್ನೇ ದಿಟ್ಟಿಸುತ್ತಿದ್ದರು.

ಮುಂಬಾಗಿಲಿನಿಂದ ಗಿರಾಕಿಗಳು ಬರುತ್ತಿರಲಿಲ್ಲ. ವಿಗ್ ಬೇಕಾದವರು ಹಿಂದಿನ ಓಣಿಯಿಂದ ಸದ್ದಿಲ್ಲದೆ ಬಂದು, ಪರದೆಯ ಹಿಂದೆ ಅಳತೆ ಕೊಟ್ಟು, ಬಂದ ದಾರಿಯಲ್ಲೇ ಹೋಗುತ್ತಿದ್ದರು. ಬ್ಯಾಂಕಿನವರು, ಹಾಡುಗಾರರು, ಕಾಯಿಲೆಯಿಂದ ಎದ್ದವರು, ಮಾತುಕತೆ ಮುಗಿದು ಮದುವೆಗೆ ನಿಂತವರು. ವಿಗ್ಗಕ್ಕ ಯಾರ ಹೆಸರನ್ನೂ ಬಾಯಿ ಬಿಟ್ಟು ಹೇಳಿದವಳಲ್ಲ. ದಾರಿಯಲ್ಲಿ ಎದುರಾದರೆ ಗುರುತೇ ಇಲ್ಲದವಳ ಹಾಗೆ ಹೋಗಿಬಿಡುತ್ತಿದ್ದಳು. ಅವಳ ವ್ಯಾಪಾರ ನಿಂತಿದ್ದೇ ಆ ಮೌನದ ಮೇಲೆ.

ಹೆಡ್‌ಮಿಸ್ ಹೋದ ಮೇಲೆ ಅವಳು ಆ ಹಸಿರು ವಿಗ್ಗನ್ನು ಗಂಡನ ಮುಂದೆ ಹಿಡಿದಳು.

"ರೀ, ಯಾರೋ ನಮ್ಮ ಹೆಸರು ಕದ್ದಿದಾರೆ."

ಯಜಮಾನರು ಉಳಿ ಕೆಳಗಿಡಲಿಲ್ಲ. "ಹೆಸರೇನು ಸೈಕಲ್ಲಾ ಕದಿಯೋಕೆ? ಆಚೆ ಹೋಗಿ ನೋಡು. ಬೋರ್ಡು ನೆಟ್ಟಗೆ ನೇತಾಡ್ತಾ ಇದೆ."

ಅಷ್ಟು ಹೊತ್ತಿಗೆ ಟೈಪಿಂಗ್ ತಂಗಿ ಒಳಗೆ ಬಂದಳು. ಅವಳು ವಿಗ್ಗಕ್ಕನ ಒಡಹುಟ್ಟಿದವಳಲ್ಲ, ಗೆಳತಿ. ಕೋರ್ಟಿನ ಗೇಟಿನ ಎದುರು ಟೈಪಿಂಗ್ ಮತ್ತು ಜೆರಾಕ್ಸ್ ಅಂಗಡಿ ಇಟ್ಟಿದ್ದಳು. ಇಪ್ಪತ್ತು ವರ್ಷ ಬೇರೆಯವರ ಅರ್ಜಿ, ತಕರಾರು, ತೀರ್ಪು ಟೈಪ್ ಮಾಡಿ ಮಾಡಿ ಅರ್ಧ ಕಾನೂನು ಅವಳ ಬೆರಳಿಗೇ ಬಂದುಬಿಟ್ಟಿತ್ತು. ಡಬ್ಬದ ಮೇಲಿನ ಹೆಸರು ನೋಡಿದವಳೇ ಫೋನ್ ತೆಗೆದು ಒತ್ತಿದಳು.

ಪುಟ ತೆರೆಯಿತು. ಇವರದೇ ಅಂಗಡಿಯ ಫೋಟೋ. ಅದೇ ಗಾಜಿನ ಕಿಟಕಿ, ಅದೇ ಮೂರು ಮರದ ತಲೆ. ಕೆಳಗೆ ದಪ್ಪ ಅಕ್ಷರದಲ್ಲಿ 'ಮೂವತ್ತೊಂದು ವರ್ಷಗಳ ನಂಬಿಕೆ.'

ಯಜಮಾನರು ಬಗ್ಗಿ ನೋಡಿ ಹಿಗ್ಗಿದರು. "ಅರೆ, ನಮ್ಮ ಅಂಗಡಿ ಎಷ್ಟು ಚೆನ್ನಾಗಿ ಬಂದಿದೆ!"

"ಭಾವ, ಕೆಳಗಿರೋ ಫೋನ್ ನಂಬರ್ ನೋಡಿ. ನಿಮ್ಮದಾ?"

ಅಲ್ಲ. ಟೈಪಿಂಗ್ ತಂಗಿ ಆ ನಂಬರಿಗೆ ಕರೆ ಮಾಡಿ ಸ್ಪೀಕರ್ ಹಾಕಿದಳು. ಗಂಟೆ ಹೊಡೆಯಿತು. ಅದೇ ಗಳಿಗೆಗೆ ಬೀದಿಯ ಆಚೆ ಬದಿ, ಓರೆಯಾಗಿ ಎದುರಿಗಿದ್ದ, ಶಾಂಪೂ ಎಣ್ಣೆ ಮಾರುವ ದೊಡ್ಡ ಅಂಗಡಿಯಲ್ಲಿ ಅದರ ಮಾಲೀಕ ಶಾಂಪೂ ಸಾಹುಕಾರ ಜೇಬಿನಿಂದ ಫೋನ್ ತೆಗೆಯುವುದು ಕಿಟಕಿಯಿಂದ ಕಂಡಿತು.

"ಹಲೋ, ತಲೆಗೊಪ್ಪು!" ಎಂದಿತು ಫೋನು. ಬೀದಿಯಾಚೆ ಸಾಹುಕಾರನ ತುಟಿಗಳೂ ಅಷ್ಟೇ ಆಡಿದವು.

ಮೂವರೂ ಕಿಟಕಿಗೆ ಮೂಗು ಒತ್ತಿ ನಿಂತರು. ಮರದ ತಲೆಗಳ ಜೊತೆ ಲೆಕ್ಕ ಹಾಕಿದರೆ ಒಟ್ಟು ಆರು ಮೂಗು.

"ಈಗ ನೋಡು," ಎಂದರು ಯಜಮಾನರು. "ಕೋರ್ಟೂ ಬೇಡ, ಕಚೇರೀನೂ ಬೇಡ. ನಾನೊಂದ್ಸಲ ಹೋಗಿ ಎದುರಿಗೆ ನಿಂತ್ರೆ ಸಾಕು." ತೋಳು ಮಡಚಿಕೊಂಡು ಹೊರಟೇಬಿಟ್ಟರು.

ಅರ್ಧ ಗಂಟೆ ಬಿಟ್ಟು ವಾಪಸ್ ಬಂದಾಗ ಅವರ ಕೈಯಲ್ಲಿ ಎರಡು ಬಾಟಲಿ ಶಾಂಪೂ ಇತ್ತು.

"ಏನ್ರೀ ಆಯ್ತು?"

"ಒಳ್ಳೆ ಮಾತಾಡ್ತಾನೆ ಕಣೇ," ಎಂದರು ಯಜಮಾನರು ತಲೆ ತಗ್ಗಿಸಿ. "ಕಾಫಿ ಕೊಟ್ಟ. ಆ ಡೊಮೇನು ಖಾಲಿ ಬಿದ್ದಿತ್ತಂತೆ, ಇವನು ತಗೊಂಡನಂತೆ. ಯಾರು ಬೇಕಾದ್ರೂ ತಗೋಬಹುದಂತೆ. ಈ ಶಾಂಪೂ ಉಚಿತವಾಗಿ ಕೊಟ್ಟ. ತಲೆಹೊಟ್ಟಿಗೆ ಒಳ್ಳೇದಂತೆ."

"ಡೊಮೇನು ಗಿಮೇನು ಅಂದ್ರೇನು?" ವಿಗ್ಗಕ್ಕ ಗೆಳತಿಯನ್ನು ಕೇಳಿದಳು.

"ಇಂಟರ್‌ನೆಟ್ಟಲ್ಲಿ ನಿನ್ನ ಅಂಗಡಿ ವಿಳಾಸ ಅಕ್ಕ. ಅದನ್ನ ಒಂದೇ ಸಲ ಕೊಂಡು ಮುಗಿಸೋಕಾಗಲ್ಲ, ಬಾಡಿಗೆ ಹಿಡಿದ ಹಾಗೆ. ಅವಧಿ ಮುಗಿಯೋ ಮುಂಚೆ ನವೀಕರಿಸ್ತಾ ಇರ್ಬೇಕು. ನೋಂದಣಿ ಯಾರ ಹೆಸರಲ್ಲಿದ್ಯೋ ಬೀಗದಕೈ ಅವರದ್ದು. ನಿಂದು ಯಾರ ಹೆಸರಲ್ಲಿತ್ತು?"

ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು. ಆಮೇಲೆ ಇಬ್ಬರೂ ಒಟ್ಟಿಗೆ "ಮೈದುನ!" ಎಂದರು, ಎಂದರೆ ವಿಗ್ಗಕ್ಕ ಮೈದುನ ಎಂದಳು, ಯಜಮಾನರು "ನಮ್ಮ ಚಿಕ್ಕೋನು" ಎಂದರು.

ಹನ್ನೊಂದು ವರ್ಷದ ಹಿಂದೆ ಮೈದುನ ಕಂಪ್ಯೂಟರ್ ಕಲಿತ ಹುರುಪಿನಲ್ಲಿ ಅತ್ತಿಗೆಗೊಂದು ವೆಬ್‌ಸೈಟ್ ಮಾಡಿಕೊಟ್ಟಿದ್ದ. ಈಗ ಅವನು ನೆಲಹಾಸಿನ ಕಲ್ಲು ಮಾರುತ್ತಿದ್ದ. ಭಾನುವಾರ ಹೆಂಡತಿಯ ಜೊತೆ ಬಂದವನನ್ನು ಕೂರಿಸಿ ಕೇಳಿದರು.

"ನನ್ನ ಹೆಸರಲ್ಲೇ ಮಾಡ್ಸಿದ್ದೆ ಅತ್ತಿಗೆ. ನಿಮಗ್ಯಾಕೆ ತಲೆನೋವು ಅಂತ."

"ನವೀಕರಿಸಿ ಅಂತ ಪತ್ರ ಬರುತ್ತಂತಲ್ಲ, ಬರ್ಲಿಲ್ವಾ?"

"ಬಂದಿರುತ್ತೆ. ಆದರೆ ಅದು ಹಳೇ ಇಮೇಲು. ಅದರ ಪಾಸ್‌ವರ್ಡ್ ಮರೆತುಹೋಗಿದೆ."

"ಏನಿಟ್ಟಿದ್ದೆ ಪಾಸ್‌ವರ್ಡು? ನೆನಪು ಮಾಡ್ಕೊ," ಎಂದಳು ಟೈಪಿಂಗ್ ತಂಗಿ.

ಮೈದುನ ಹೆಂಡತಿಯ ಕಡೆ ನೋಡಿದ, ನೆಲ ನೋಡಿದ, ಮರದ ತಲೆಗಳನ್ನು ನೋಡಿದ. "ಒಂದು ಹೆಸರು... ಆ ಕಾಲದ್ದು. ಮದುವೆ ಆದ್ಮೇಲೆ ಮರೀಬೇಕು ಅಂತಾನೇ ಮರೆತೆ."

"ಯಾವ ಹೆಸರು?" ಎಂದಳು ಅವನ ಹೆಂಡತಿ.

ಆ ಭಾನುವಾರದ ಉಳಿದ ಭಾಗ ಡೊಮೇನಿನ ವಿಷಯಕ್ಕೆ ಉಪಯೋಗವಾಗಲಿಲ್ಲ.

ಯಜಮಾನರು ಸುಮ್ಮನೆ ಕೂರುವ ಜಾತಿಯವರಲ್ಲ. ಒಂದು ಮಧ್ಯಾಹ್ನ ಹೆಂಡತಿಗೂ ಹೇಳದೆ, ಸುಳ್ಳು ಹೆಸರಿನಲ್ಲಿ ಸಾಹುಕಾರನ ಪುಟಕ್ಕೆ ಹೋಗಿ ಗಿರಾಕಿಯ ಅಭಿಪ್ರಾಯ ಎಂದು ಹೀಗೆ ಬರೆದರು: 'ಈ ವಿಗ್ ಹಾಕಿಕೊಂಡು ಮನೆಗೆ ಹೋದೆ. ಹೆಂಡತಿಗೆ ನನ್ನ ಗುರುತೇ ಸಿಗಲಿಲ್ಲ. ನಾಯಿ ಮೂರು ಮನೆ ಆಚೆ ಓಡಿಹೋಯಿತು.' ಸೇಡು ತೀರಿಸಿಕೊಂಡ ಖುಷಿಯಲ್ಲಿ ಎರಡು ದಿನ ಸೀಟಿ ಹೊಡೆಯುತ್ತಾ ಮರ ಕೆತ್ತಿದರು. ಮೂರನೆಯ ದಿನ ನೋಡಿದರೆ ಸಾಹುಕಾರ ಅದನ್ನು ಕತ್ತರಿಸಿ ಪುಟದ ನೆತ್ತಿಯ ಮೇಲೆ, ಹೂವಿನ ಅಂಚಿನೊಳಗೆ ಹಾಕಿಕೊಂಡಿದ್ದ: 'ಈ ವಿಗ್ ಹಾಕಿಕೊಂಡು ಮನೆಗೆ ಹೋದೆ. ಹೆಂಡತಿಗೆ ನನ್ನ ಗುರುತೇ ಸಿಗಲಿಲ್ಲ!' ಪಕ್ಕದಲ್ಲಿ ಐದು ನಕ್ಷತ್ರ.

"ಭಾವ, ದಯವಿಟ್ಟು ಇನ್ನು ಕೈ ಹಾಕ್ಬೇಡಿ," ಎಂದಳು ಟೈಪಿಂಗ್ ತಂಗಿ. "ಬೈಯೋದೂ ಬೇಡ, ಬೆದರಿಸೋದೂ ಬೇಡ, ಸುಳ್ಳು ಹೆಸರಲ್ಲಿ ಬರೆಯೋದಂತೂ ಬೇಡವೇ ಬೇಡ. ಅದು ನಮಗೇ ತಿರುಗಿಬೀಳುತ್ತೆ. ನಮಗೆ ಬೇಕಾಗಿರೋದು ಪುರಾವೆ."

ಪುರಾವೆ ಹುಡುಕುವ ಕೆಲಸ ಶುರುವಾಯಿತು. ಸಾಹುಕಾರನ ಪುಟವನ್ನು ತಾರೀಖಿನ ಸಮೇತ ಮುದ್ರಿಸಿದರು. ವಿಗ್ಗಕ್ಕ ಅಟ್ಟದಿಂದ ಹಳೆಯ ಟ್ರಂಕ್ ಇಳಿಸಿದಳು. ಮೂವತ್ತೊಂದು ವರ್ಷದ ಹಿಂದಿನ ಅಂಗಡಿ ಪರವಾನಗಿ, ಪತ್ರಿಕೆಯಲ್ಲಿ ಬಂದಿದ್ದ ಬೆರಳಗಲದ ಜಾಹೀರಾತು, 'ತಲೆಗೊಪ್ಪು' ಎಂದು ಅಚ್ಚಾದ ಬಿಲ್ ಪುಸ್ತಕ ಎಲ್ಲ ಹೊರಬಂದವು. ಅಷ್ಟರಲ್ಲಿ ಸಾಹುಕಾರನೇ ಒಂದು ಕಾಗದ ಕಳುಹಿಸಿ ಉಪಕಾರ ಮಾಡಿದ. ಡೊಮೇನು ಬೇಕಿದ್ದರೆ ಕೊಳ್ಳಬಹುದು ಎಂದು ಬರೆದು, ಎದೆ ಧಸಕ್ಕೆನ್ನುವಂಥ ಬೆಲೆ ಹೇಳಿದ್ದ. ಯಜಮಾನರು ಅದನ್ನು ಹರಿದು ಹಾಕಲು ಹೊರಟಾಗ ಟೈಪಿಂಗ್ ತಂಗಿ ಹಾರಿಬಂದು ಕಿತ್ತುಕೊಂಡಳು.

"ಅಯ್ಯೋ ಭಾವ, ಇದಕ್ಕಿಂತ ಒಳ್ಳೆ ಪುರಾವೆ ಬೇಕಾ? ನಿಮ್ಮ ಹೆಸರು ಅಂತ ಗೊತ್ತಿದ್ದೇ ಹಿಡಿದಿಟ್ಕೊಂಡಿದಾನೆ ಅಂತ ಅವನ ಕೈಯಾರೆ ಬರ್ಕೊಟ್ಟಿದಾನೆ!"

ಅವಳೇ ಕಾನೂನು ನೆರವಿನ ಕಚೇರಿಗೆ ಕರೆದುಕೊಂಡು ಹೋದಳು. ಅಲ್ಲಿ ಸಿಕ್ಕ ವಕೀಲಮ್ಮ ಕಡಿಮೆ ಮಾತಿನವರು. ಎಲ್ಲ ಕಾಗದ ನೋಡಿ ಹೇಳಿದರು: "ಖಾಲಿ ಬಿದ್ದ ಹೆಸರನ್ನ ಅವರು ನೋಂದಾಯಿಸಿಕೊಂಡಿದಾರೆ ನಿಜ. ಹಾಗಂತ ನಿಮ್ಮ ಹೆಸರಲ್ಲಿ ಜನರ ಕಣ್ಣಿಗೆ ಮಣ್ಣೆರಚೋ ಹಕ್ಕು ಅವರಿಗೆ ಬರಲ್ಲ. ಆದರೆ ನಾವು ಎರಡು ವಿಷಯ ತೋರಿಸ್ಬೇಕು. ತಲೆಗೊಪ್ಪು ಅಂದ್ರೆ ಜನಕ್ಕೆ ನೀವೇ ನೆನಪಾಗ್ತೀರಿ ಅಂತ ಒಂದು. ಅವರ ಪುಟ ನೋಡಿ ಜನ ಮೋಸ ಹೋದ್ರು ಅಂತ ಇನ್ನೊಂದು."

ದಾವೆ ಹೂಡಿದರು. ಕೋರ್ಟಿನ ಜವಾನ ಮೊದಲ ದಿನವೇ ಬಾಗಿಲಲ್ಲಿ ನಿಂತು "ತಲೆಕೊಬ್ಬು ಕೇಸಿನವರು ಯಾರ್ರೀ?" ಎಂದು ಕೂಗಿದ. ಶಾಂಪೂ ಸಾಹುಕಾರನೂ ವಿಗ್ಗಕ್ಕನೂ ಬಹಳ ಹೊತ್ತು ಎದ್ದು ನಿಲ್ಲಲಿಲ್ಲ.

ನ್ಯಾಯಾಧೀಶರ ತಲೆ ನುಣ್ಣಗೆ ಹೊಳೆಯುತ್ತಿತ್ತು. ವಿಗ್ಗಕ್ಕನ ಕಣ್ಣು ಅಭ್ಯಾಸಬಲದಿಂದ ಹಣೆಯಿಂದ ಹಿಂಗತ್ತಿಗೆ, ಕಿವಿಯಿಂದ ಕಿವಿಗೆ ಅಳತೆ ತೆಗೆದುಕೊಂಡೇಬಿಟ್ಟಿತು. ನಾಚಿ ನೆಲ ನೋಡಿದಳು.

ಸಾಹುಕಾರನ ವಕೀಲ ಎದ್ದ. ಗಟ್ಟಿ ಗಂಟಲು. "ಸ್ವಾಮಿ, 'ತಲೆ' ಅನ್ನೋ ಮಾತು ಎಲ್ಲರದ್ದು. 'ಒಪ್ಪು' ಅನ್ನೋದೂ ಎಲ್ಲರದ್ದು. ಖಾಲಿ ಬಿದ್ದ ಹೆಸರನ್ನ ನನ್ನ ಕಕ್ಷಿದಾರರು ನ್ಯಾಯವಾಗಿ ತಗೊಂಡಿದಾರೆ. ಇನ್ನು ಇವರ ಅಂಗಡಿ ಹೆಸರುವಾಸಿ ಅಂತಾರೆ. ಬೀದಿಯಲ್ಲಿ ಯಾರನ್ನಾದ್ರೂ ಕೇಳಿ. ಆ ಅಂಗಡಿ ಒಳಗೆ ಒಬ್ಬ ಗಿರಾಕಿ ಹೋದದ್ದನ್ನ ಕಂಡವರು ಒಬ್ಬರೂ ಇಲ್ಲ!"

ನಿಜವೇ. ಯಾರೂ ಕಂಡಿರಲಿಲ್ಲ. ಕಾಣದಿರಲಿ ಎಂದೇ ತಾನೆ ಹಿಂಬಾಗಿಲು ಇದ್ದದ್ದು?

ನ್ಯಾಯಾಧೀಶರು ವಿಗ್ಗಕ್ಕನ ವಕೀಲಮ್ಮನ ಕಡೆ ತಿರುಗಿದರು. "ಮೋಸ ಹೋದ ಗಿರಾಕಿಗಳು ಇದ್ದರೆ ಮುಂದಿನ ತಾರೀಖಿಗೆ ಕರೆತನ್ನಿ."

ಹೊರಗೆ ಬಂದ ಮೇಲೆ ವಕೀಲಮ್ಮ ಕೇಳಿದರು. "ಗಿರಾಕಿಗಳ ಹೆಸರು ಬರೆದಿಟ್ಟಿರೋ ಪುಸ್ತಕ ಇದೆಯಾ?"

"ಇದೆ," ಎಂದಳು ವಿಗ್ಗಕ್ಕ. "ಆದರೆ ಕೊಡಲ್ಲ."

ಯಜಮಾನರು ಬಾಯಿ ತೆರೆದರು. "ಕೊಡಲ್ವಾ? ಕೊಟ್ರೆ ಕೇಸು ಗೆಲ್ತೀವಲ್ಲೇ!"

"ಅವರು ನನ್ನನ್ನ ನಂಬಿ ತಲೆ ಕೊಟ್ಟಿದಾರೆ ರೀ. ಹೆಸರು ಹೇಳು ಅಂತ ಕೊಟ್ಟಿಲ್ಲ. ನನ್ನ ಹೆಸರು ಉಳಿಸ್ಕೊಳ್ಳೋಕೆ ಅವರ ಹೆಸರು ಬೀದಿಗೆ ಹಾಕ್ಲಾ?"

ವಕೀಲಮ್ಮ ಕನ್ನಡಕ ತೆಗೆದು ಒರೆಸಿಕೊಂಡರು. ಬಲವಂತ ಮಾಡಲಿಲ್ಲ.

ಆಮೇಲಿನ ದಿನಗಳು ಕೆಟ್ಟದಾಗಿದ್ದವು. ಹಸಿರು ವಿಗ್ಗಿನ ಸುದ್ದಿ ಹಬ್ಬಿ ಹಿಂಬಾಗಿಲು ತಟ್ಟುವವರೇ ಕಡಿಮೆಯಾದರು. ಕೊಕ್ಕೆಸೂಜಿ ಮೇಜಿನ ಮೇಲೆ ಬಿದ್ದಿತ್ತು. ವಿಗ್ಗಕ್ಕ ಅರ್ಧ ಕಟ್ಟಿದ ಬಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂರುತ್ತಿದ್ದಳು, ಒಂದು ಕೂದಲು ಗಂಟು ಹಾಕಿ ಬೀದಿ ನೋಡುತ್ತಿದ್ದಳು. ಯಜಮಾನರು ತಮಾಷೆ ಮಾಡಲು ನೋಡಿದರು. ಒಂದು ಮರದ ತಲೆಗೆ ಹೊಸ ಥರದ ಮೂಗು ಕೆತ್ತಿ ತೋರಿಸಿದರು. ಅದೂ ಅತ್ತೆಯದೇ ಆಗಿತ್ತು, ಸ್ವಲ್ಪ ನೆಗಡಿಯಾದ ಹಾಗಿತ್ತು. ವಿಗ್ಗಕ್ಕ ನಗಲಿಲ್ಲ.

ವಿಚಾರಣೆಗೆ ಎರಡು ದಿನ ಇದ್ದಾಗ, ಬೀದಿಯಲ್ಲಿ ಜನ ತುಂಬಿದ್ದ ಹೊತ್ತಿನಲ್ಲಿ, ಮುಂಬಾಗಿಲು ಕಿರ್ರೆಂದಿತು. ಎಣ್ಣೆ ಕಂಡು ಎಷ್ಟೋ ವರ್ಷವಾಗಿದ್ದ ಬಾಗಿಲು ಅದು. ನೋಡಿದರೆ ಹೆಡ್‌ಮಿಸ್. ಮಂಡಿ ಹಿಡಿದುಕೊಂಡು ಮೆಟ್ಟಿಲು ಹತ್ತಿ ಒಳಗೆ ಬಂದರು. ಎದುರಿನ ಅಂಗಡಿಯವರೆಲ್ಲ ಕತ್ತು ಚಾಚಿದರು.

ಯಜಮಾನರು ಗಡಬಡಿಸಿ ಎದ್ದು ನಿಂತರು. ಅವರು ಐದನೇ ತರಗತಿ ಎರಡು ಸಲ ಓದಿದ್ದು ಹೆಡ್‌ಮಿಸ್ ಕೈಕೆಳಗೇ.

"ಮಿಸ್, ಹಿಂದಿನ ಬಾಗಿಲು ತೆಗೆದೇ ಇತ್ತಲ್ಲ," ಎಂದಳು ವಿಗ್ಗಕ್ಕ.

"ಗೊತ್ತು. ಕೋರ್ಟಿಗೆ ಯಾವತ್ತು ಬರ್ಬೇಕು, ಅದು ಹೇಳು."

ವಿಗ್ಗಕ್ಕ ತಲೆ ಅಲ್ಲಾಡಿಸಿದಳು. "ಬೇಡ ಮಿಸ್. ಊರೆಲ್ಲ ಆಡ್ಕೊಳ್ಳುತ್ತೆ."

"ಆಡ್ಕೊಳ್ಲಿ. ಕಾಸು ಕೊಟ್ಟು ಮೋಸ ಹೋದವಳು ನಾನು. ನಾಚ್ಕೋಬೇಕಾದ್ದು ನಾನಾ, ಅವನಾ? ಈ ಮಾತು ಹೊಳೆಯೋಕೆ ನನಗೆ ಮೂರು ತಿಂಗಳು ಹಿಡೀತು." ಆಮೇಲೆ ಯಜಮಾನರ ಕಡೆ ತಿರುಗಿ, "ನೀನ್ಯಾಕೋ ನಿಂತಿದೀಯಾ, ಕೂತ್ಕೋ," ಎಂದರು. ಯಜಮಾನರು ಕೂತರು.

ಕೋರ್ಟಿನಲ್ಲಿ ಅಂದು ಕಾಲಿಡಲು ಜಾಗವಿರಲಿಲ್ಲ. ಹೆಡ್‌ಮಿಸ್ ಸಾಕ್ಷಿಕಟ್ಟೆ ಹತ್ತಿದರು. ತಲೆಯ ಮೇಲೆ ವಿಗ್ಗಕ್ಕ ಮೊದಲು ಮಾಡಿಕೊಟ್ಟಿದ್ದ ಹಳೆಯ ವಿಗ್, ಕೈಯಲ್ಲಿ ಹಸಿರುಬಣ್ಣದ್ದು.

ಸಾಹುಕಾರನ ವಕೀಲ ಮುಂದೆ ಬಂದ. "ನೀವು ಆ ವಿಗ್ಗನ್ನ ಅಂದ್ರೆ ಆ ಪುಟದಿಂದ... ಅಂದ್ರೆ ಅದು ಯಾರದ್ದು ಅಂತ..."

"ಪ್ರಶ್ನೆ ಪೂರ್ತಿ ಮಾಡಪ್ಪ," ಎಂದರು ಹೆಡ್‌ಮಿಸ್. "ಮೂರನೇ ಬೆಂಚು, ಗೋಡೆ ಪಕ್ಕ. ಅರ್ಧ ವಾಕ್ಯದಲ್ಲಿ ಮಾತಾಡೋ ಅಭ್ಯಾಸ ಇನ್ನೂ ಬಿಟ್ಟಿಲ್ವಾ?"

ಜವಾನ ನಗು ತಡೆಯಲಾರದೆ ಕಿಟಕಿಯ ಕಡೆ ತಿರುಗಿದ. ವಕೀಲ ಕಿವಿ ಕೆಂಪಗೆ ಮಾಡಿಕೊಂಡು ಪ್ರಶ್ನೆ ಪೂರ್ತಿ ಮಾಡಿದ. "ಅದು ವಾದಿಯವರ ಅಂಗಡೀದು ಅಂತ ನಂಬಿ ತಗೊಂಡ್ರಿ ಅನ್ನೋಕೆ ಏನು ಆಧಾರ? ನೀವು ಅವರ ಗಿರಾಕಿ ಅಂತ ಯಾರು ನಂಬಬೇಕು?"

ಹೆಡ್‌ಮಿಸ್ ಎರಡೂ ಕೈ ಎತ್ತಿ ತಲೆಯ ಮೇಲಿನ ವಿಗ್ ತೆಗೆದು ಕಟ್ಟೆಯ ಮೇಲಿಟ್ಟರು.

ಊರಿಗೆ ಊರೇ ನಲವತ್ತು ವರ್ಷ ಹೆದರಿದ್ದ ಆ ತಲೆಯ ಮೇಲೆ ಅಲ್ಲೊಂದು ಇಲ್ಲೊಂದು ಬಿಳಿ ಕೂದಲು.

"ಹದಿನೆಂಟು ವರ್ಷದ ಹಿಂದೆ ಒಂದು ಕಾಯಿಲೆಯಾಯ್ತು, ಕೂದಲು ಹೋಯ್ತು. ಮಾರನೇ ತಿಂಗಳು ಶಾಲೆ ಶುರು. ಈ ಹೆಣ್ಣುಮಗಳು ಹತ್ತು ದಿನ ಕೂತು ಇದನ್ನ ಕಟ್ಟಿಕೊಟ್ಟಳು. ನಿನಗೆ ಪಾಠ ಹೇಳಿದ್ದು ಈ ವಿಗ್ ಹಾಕ್ಕೊಂಡೇ. ನಿನಗೆ ಗೊತ್ತಾಗಿತ್ತೇನಪ್ಪ?"

"ಇಲ್ಲ ಮಿಸ್," ಎಂದ ವಕೀಲ. ಕೋರ್ಟಿನಲ್ಲಿದ್ದೇನೆಂಬುದೇ ಅವನಿಗೆ ಮರೆತಿತ್ತು.

"ತಲೆಗೊಪ್ಪು ಅಂದ್ರೆ ಅದು. ಆ ಹೆಸರು ನೋಡಿ, ಆ ಕಿಟಕಿ ಫೋಟೋ ನೋಡಿ, ಕಣ್ಣು ಮುಚ್ಚಿ ತರಿಸ್ಕೊಂಡೆ. ಬಂದಿದ್ದು ಇದು." ಹಸಿರು ವಿಗ್ಗನ್ನು ಎತ್ತಿ ಹಿಡಿದರು. ಒಲೆಯ ಶಾಖಕ್ಕೆ ಕರಗಿದ್ದ ಮುಂಗುರುಳು ಒಂದು ಉಂಡೆಯಾಗಿ ನೇತಾಡುತ್ತಿತ್ತು.

ವಕೀಲಮ್ಮ ಎದ್ದು ಸಾಹುಕಾರನನ್ನು ಕರೆಸಿದರು. ಮುದ್ರಿಸಿದ ಪುಟವನ್ನು ಕೈಗಿಟ್ಟರು.

"ಮೂವತ್ತೊಂದು ವರ್ಷಗಳ ನಂಬಿಕೆ ಅಂತ ಬರೆದಿದೀರಿ. ನಿಮ್ಮ ಅಂಗಡಿ ಶುರುವಾಗಿ ಎಷ್ಟಾಯ್ತು?"

"ನಾಲ್ಕು ವರ್ಷ."

"ಮಿಕ್ಕ ಇಪ್ಪತ್ತೇಳು?"

"ಅದು... ನಂಬಿಕೆ ನನ್ನ ಮನಸ್ಸಲ್ಲಿ ಮೊದಲಿಂದ ಇತ್ತು."

"ಈ ಫೋಟೋದಲ್ಲಿರೋ ಅಂಗಡಿ ನಿಮ್ಮದಾ?"

"ನಮ್ಮದೇ ಅಂತಲ್ಲ. ಅದು ಒಂದು ಮಾದರಿ ಅಂಗಡಿ."

"ಹಾಗಾದ್ರೆ ಗಾಜಿನ ಹಿಂದೆ ಸ್ಟೂಲಿನ ಮೇಲೆ ಬಾಯಿ ತೆರೆದು ನಿದ್ದೆ ಮಾಡ್ತಿರೋರು ಯಾರು?"

ನ್ಯಾಯಾಧೀಶರು ಕಾಗದ ತರಿಸಿ ಕಣ್ಣ ಹತ್ತಿರ ಹಿಡಿದರು. ಹೌದು, ಮರದ ತಲೆಗಳ ನಡುವೆ ನಾಲ್ಕನೆಯದೊಂದು ತಲೆ, ಇದು ಮರದ್ದಲ್ಲ, ಗೋಡೆಗೆ ಒರಗಿ ಗೊರಕೆ ಹೊಡೆಯುತ್ತಿತ್ತು. ಸಾಹುಕಾರ ಬೆವರು ಒರೆಸಿಕೊಂಡ. "ಯಾರೋ ಗಿರಾಕಿ ಇರ್ಬೇಕು."

ಹಿಂದಿನ ಸಾಲಿನಿಂದ ಯಜಮಾನರು ತಡೆಯಲಾರದೆ ಎದ್ದರು. "ಸ್ವಾಮಿ, ಅದು ನಾನೇ! ಊಟ ಆದ್ಮೇಲೆ ದಿನಾ ಅಲ್ಲೇ ಮಲಗೋದು!"

ಈ ಸಲ ನ್ಯಾಯಾಧೀಶರೂ ನಕ್ಕರು. ವಿಗ್ಗಕ್ಕ ತಲೆ ಮೇಲೆ ಕೈ ಹೊತ್ತಳು. ಆದರೆ ವಕೀಲಮ್ಮ ಬಿಡಲಿಲ್ಲ. ಡೊಮೇನು ಮಾರುತ್ತೇನೆಂದು ಸಾಹುಕಾರ ಬರೆದ ಕಾಗದವನ್ನು ಓದಿ ಹೇಳಿದರು. ಹೂವಿನ ಅಂಚಿನ ಅಭಿಪ್ರಾಯವನ್ನೂ ತೋರಿಸಿ, ಕತ್ತರಿಸಿದ ನಾಯಿಯ ಸಾಲು ಎಲ್ಲಿ ಹೋಯಿತೆಂದು ಕೇಳಿದರು. ಅದನ್ನು ಬರೆದವರು ಯಾರೆಂಬ ಪ್ರಶ್ನೆಯೂ ಬಂತು. ಯಜಮಾನರು ಎರಡನೆಯ ಸಲ ಎದ್ದು ನಿಲ್ಲಬೇಕಾಯಿತು. ಸುಳ್ಳು ಹೆಸರಿನಲ್ಲಿ ಬರೆದದ್ದಕ್ಕೆ ನ್ಯಾಯಾಧೀಶರಿಂದ ಬೈಸಿಕೊಂಡು, ತಪ್ಪಾಯಿತೆಂದು ಹೇಳಿ ಕೂತರು.

ತೀರ್ಪು ಬರಲು ಇನ್ನೂ ಐದು ತಿಂಗಳು ಹಿಡಿಯಿತು. ಅದನ್ನು ಟೈಪಿಂಗ್ ತಂಗಿಯೇ ಜೆರಾಕ್ಸ್ ಮಾಡಿ ತಂದು ಅಂಗಡಿಯಲ್ಲಿ ಗಟ್ಟಿಯಾಗಿ ಓದಿದಳು. ತಲೆ ಎಂಬ ಮಾತು ಎಲ್ಲರದೂ ಹೌದು, ಒಪ್ಪು ಎಂಬುದೂ ಎಲ್ಲರದು. ಆದರೆ ಆ ಎರಡನ್ನೂ ಜೋಡಿಸಿ ಅದಕ್ಕೆ ಮೂವತ್ತೊಂದು ವರ್ಷ ಬೆಲೆ ತಂದುಕೊಟ್ಟವರು ವಾದಿ. ಖಾಲಿ ಬಿದ್ದದ್ದನ್ನು ನೋಂದಾಯಿಸಿದ ಮಾತ್ರಕ್ಕೆ ಇನ್ನೊಬ್ಬರ ಹೆಸರಿನಲ್ಲಿ ಜನರನ್ನು ದಾರಿ ತಪ್ಪಿಸುವ ಹಕ್ಕು ಯಾರಿಗೂ ಇಲ್ಲ. ಡೊಮೇನನ್ನು ವಿಗ್ಗಕ್ಕನ ಹೆಸರಿಗೆ ವರ್ಗಾಯಿಸಬೇಕು. ಸಾಹುಕಾರ ಆ ಹೆಸರನ್ನು, ಆ ಫೋಟೋವನ್ನು, ಆ ಮೂವತ್ತೊಂದು ವರ್ಷವನ್ನು ಇನ್ನೆಂದೂ ಬಳಸಕೂಡದು. ಮೋಸ ಹೋದ ಗಿರಾಕಿಗಳಿಗೆ ಹಣ ವಾಪಸ್ ಕೊಡಬೇಕು.

"ಕೊನೇಲಿ ನಿನಗೂ ಒಂದು ಮಾತಿದೆ ಅಕ್ಕ," ಎಂದು ಅವಳು ಓದು ಮುಂದುವರಿಸಿದಳು. "'ವಾದಿಯವರು ತಮ್ಮ ಹೆಸರನ್ನು ಸಂಬಂಧಿಯ ಮರೆತ ಇಮೇಲಿನಲ್ಲಿ ಬಿಟ್ಟದ್ದರಿಂದಲೇ ಇಷ್ಟೆಲ್ಲ ಆಯಿತು. ಕೋರ್ಟು ಎಲ್ಲರ ಅವಧಿ ಮುಗಿಯುವ ತಾರೀಖನ್ನು ನೆನಪಿಟ್ಟುಕೊಳ್ಳಲಾಗದು.'"

"ಸರಿಯಾಗೇ ಬರೆದಿದಾರೆ," ಎಂದಳು ವಿಗ್ಗಕ್ಕ.

ಕಳೆದುಹೋದ ಗಿರಾಕಿಗಳೆಲ್ಲ ತಿರುಗಿ ಬರಲಿಲ್ಲ. ಕೆಲವರು ಇವತ್ತಿಗೂ ಬಂದಿಲ್ಲ. ಹೆಡ್‌ಮಿಸ್‌ಗೆ ವಿಗ್ಗಕ್ಕ ಒಂದು ಹೊಸ ವಿಗ್ ಕಟ್ಟಿಕೊಟ್ಟಳು. ಈ ಸಲ ಕಪ್ಪು ಬೇಡ, ವಯಸ್ಸಿಗೆ ತಕ್ಕ ಬಿಳಿ ಇರಲಿ ಎಂದು ಅವರೇ ಕೇಳಿದರು. ಕೆಲವು ದಿನ ಹಾಕಿಕೊಳ್ಳುತ್ತಾರೆ, ಸೆಖೆಯ ದಿನ ಬಿಟ್ಟುಬರುತ್ತಾರೆ. ಹಳೆಯ ವಿದ್ಯಾರ್ಥಿಗಳು ಎರಡಕ್ಕೂ ಅಷ್ಟೇ ಹೆದರುತ್ತಾರೆ.

ಬದಲಾದವರು ಎಂದರೆ ಯಜಮಾನರು. ಟೈಪಿಂಗ್ ತಂಗಿಯ ಪಕ್ಕ ಕೂತು, ಡೊಮೇನನ್ನು ಹೆಂಡತಿಯ ಹೆಸರಿಗೆ, ಹೆಂಡತಿಯ ಇಮೇಲಿಗೆ, ಹೆಂಡತಿಯ ಫೋನಿಗೆ ಜೋಡಿಸಿ, ಮುಂದಿನ ಹತ್ತು ವರ್ಷಕ್ಕೆ ನವೀಕರಿಸಿ ಬಂದರು. ಅಂಗಡಿಯ ಹೆಸರನ್ನು ವ್ಯಾಪಾರ ಚಿಹ್ನೆಯಾಗಿ ನೋಂದಾಯಿಸಲು ಅರ್ಜಿಯನ್ನೂ ಹಾಕಿಸಿದರು. ಈಗ ಬೀದಿಯಲ್ಲಿ ಯಾರು ಹೊಸ ಬೋರ್ಡು ಹಾಕಿದರೂ ಕೆಳಗೆ ನಿಂತು "ಇಂಟರ್‌ನೆಟ್ಟಲ್ಲಿ ಇದು ಯಾರ ಹೆಸರಲ್ಲಿದೆ?" ಎಂದು ಕೇಳದೆ ಬಿಡುವುದಿಲ್ಲ. ಬೇಕರಿಯವನು ಅವರನ್ನು ದೂರದಿಂದ ಕಂಡರೆ ಶಟರ್ ಎಳೆಯುತ್ತಾನೆ. ಅವರೇನೂ ಬೇಸರಪಟ್ಟುಕೊಂಡಿಲ್ಲ. ಶಟರ್ ಬಡಿದು ಕೇಳುತ್ತಾರೆ.

ಇದನ್ನು ಓದುತ್ತಿರುವ ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ನೀವು ಹೊಲಿಯುವವರಿರಲಿ, ಅಡುಗೆಯವರಿರಲಿ, ಗುಂಪು ಕಟ್ಟಿಕೊಂಡು ಸಾಬೂನು ಮಾಡುವವರಿರಲಿ, ನಿಮ್ಮ ಹೆಸರೇ ನಿಮ್ಮ ದುಡಿಮೆ. ವೆಬ್‌ಸೈಟ್ ಯಾರೇ ಮಾಡಿಕೊಡಲಿ, ನೋಂದಣಿ ನಿಮ್ಮ ಹೆಸರಿನಲ್ಲಿ, ನೀವು ದಿನಾ ನೋಡುವ ಇಮೇಲಿನಲ್ಲಿ ಇರಲಿ. ಅವಧಿ ಮುಗಿಯುವ ದಿನವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಮಾಡಿ. ಹಳೆಯ ಬಿಲ್, ಪರವಾನಗಿ, ಜಾಹೀರಾತು ಎಸೆಯಬೇಡಿ. ಯಾರಾದರೂ ನಿಮ್ಮ ಹೆಸರಿನಲ್ಲಿ ವ್ಯಾಪಾರ ಮಾಡುವುದು ಕಂಡರೆ ಜಗಳಕ್ಕೆ ಹೋಗಬೇಡಿ, ಕಂಡದ್ದನ್ನು ತಾರೀಖಿನ ಸಮೇತ ಮುದ್ರಿಸಿ ಕಾನೂನು ನೆರವಿನ ಕಚೇರಿಗೆ ಹೋಗಿ. ಇನ್ನು ನೀವು ಕೊಳ್ಳುವವರಾದರೆ, ಹೆಸರು ನೋಡಿ ಮರುಳಾಗುವ ಮುಂಚೆ ಆ ಅಂಗಡಿಗೇ ಒಂದು ಕರೆ ಮಾಡಿ ಕೇಳಿ. ಮೋಸ ಹೋದರೆ ಬಿಲ್ ಹಿಡಿದು ಗ್ರಾಹಕರ ದೂರು ಕೇಳುವಲ್ಲಿಗೆ ಹೋಗಿ. ಬಾಯಿ ಮುಚ್ಚಿಕೊಂಡು ನಾಚಬೇಡಿ.

ಮತ್ತೆ, ಈ ಹಾಳೆಯನ್ನು ಮಡಚಿ ಜೇಬಿಗೆ ಹಾಕುವ ಮೊದಲೇ ನಿಮ್ಮ ವೆಬ್‌ಸೈಟ್ ಮಾಡಿಕೊಟ್ಟವರಿಗೆ ಫೋನ್ ಮಾಡಿ. "ನಮ್ಮ ಡೊಮೇನು ಯಾರ ಹೆಸರಲ್ಲಿದೆ?" ಎಂದು ಕೇಳಿ. ಆ ಕಡೆಯಿಂದ "ಅದು... ಒಂದ್ನಿಮಿಷ... ನೋಡಿ ಹೇಳ್ತೀನಿ" ಎಂದು ತೊದಲು ಕೇಳಿಸಿದರೆ ಫೋನ್ ಇಡಬೇಡಿ. "ನೋಡಪ್ಪ, ನಾನು ಕಾಯ್ತಿದೀನಿ" ಎನ್ನಿ.